ನಾಯಿಗೆ ಅಂದರೆ ಮರ ಬೇಗ ಒಣಗುತ್ತಾ?

"ನಾಯಿಗೆ ತಾನೆ, ಇಷ್ಟೆಲ್ಲ ಯಾಕೆ?" ಅಂದುಬಿಟ್ಟರು ನನಗಿಂತ ಮುಂಚೆ ಬಂದಿದ್ದ ಗಿರಾಕಿ. ಬಡಗಿ ಕೆಲಸದಿಂದ ತಲೆ ಎತ್ತಲಿಲ್ಲ. "ನಾಯಿಗೆ ಅಂದರೆ ಮರ ಬೇಗ ಒಣಗುತ್ತಾ ಸಾರ್?" ಅಂತ ಕೇಳಿದ, ಅಷ್ಟೇ. ಈ ವಾರವೆಲ್ಲ ಅದೇ ಮಾತು ಕಿವಿಯಲ್ಲಿದೆ.

ನಮ್ಮ ಮುದಿ ನಾಯಿಗೆ ಕತ್ತು ಬಗ್ಗಿಸುವುದು ಕಷ್ಟವಾಗಿದೆ. ಎತ್ತರ ಎಷ್ಟಿರಬೇಕೆಂದು ಪಶುವೈದ್ಯರನ್ನು ಕೇಳಿಕೊಂಡೇ ಅದರ ಬಟ್ಟಲು ಕೂರಿಸುವ ಓಕ್ ಮರದ ಸ್ಟ್ಯಾಂಡ್ ಮಾಡಿಸಲು ಹೋಗಿದ್ದೆ.

ಬಡಗಿ ಮೊದಲು ಕರೆದುಕೊಂಡು ಹೋಗಿದ್ದು ಶೆಡ್ಡಿನ ಹಿಂದಕ್ಕೆ. ದಿಮ್ಮಿ ಸೀಳಿದ ಹಲಗೆಗಳು ಅಲ್ಲಿ ಅಟ್ಟಿಯಾಗಿ ಕೂತಿದ್ದವು. ಗಾಳಿಯಾಡಲು ನಡುನಡುವೆ ರೀಪು, ತುದಿಗಳಿಗೆ ಮೇಣ. ತುದಿಯಿಂದಲೇ ನೀರು ಬೇಗ ಆರುವುದು, ಬಿರುಕು ಶುರುವಾಗುವುದೂ ಅಲ್ಲಿಂದಲೇ. ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಗಾಳಿಯಲ್ಲಿ ಒಣಗಬೇಕೆಂಬುದು ಬಡಗಿಗಳ ಹಳೆಯ ಲೆಕ್ಕ. ಮನೆಯೊಳಗಿಡುವ ವಸ್ತುವಾದರೆ ತೇವ ಶೇ. 8ರಿಂದ 12ಕ್ಕೆ ಇಳಿಯಬೇಕು. ಅದಕ್ಕೆ ಹೆಚ್ಚಿನವರು ಬಿಸಿಗಾಳಿಯ ಒಣಗೂಡಿನಲ್ಲೂ ಇಡುತ್ತಾರೆ. ಹಸಿ ಹಲಗೆಗೆ ಬಟ್ಟಲಿನ ರಂಧ್ರ ಕೊರೆದರೆ ಒಣಗುತ್ತಾ ಅದು ಎಳೆಗೆ ಅಡ್ಡಲಾಗಿ ಕುಗ್ಗುತ್ತೆ, ದುಂಡಗಿದ್ದದ್ದು ಅಂಡಾಕಾರವಾಗುತ್ತೆ, ಬಟ್ಟಲು ಕೂರುವುದಿಲ್ಲ.

ಕೆಂಪು ಓಕ್‌ನ ಒಂದು ಚೂರು ಕೈಗಿತ್ತು, ಒಂದು ತುದಿ ನೀರಿನಲ್ಲಿ ಅದ್ದಿ ಇನ್ನೊಂದು ತುದಿಯಿಂದ ಊದಿ ನೋಡಿ ಅಂದ. ಊದಿದೆ. ಗುಳ್ಳೆಗಳೆದ್ದವು! ಮರದ ಉದ್ದಕ್ಕೂ ತೆರೆದ ಕೊಳವೆಗಳು. ಬಿಳಿ ಓಕ್‌ನಲ್ಲಿ ಅವು ಮುಚ್ಚಿಹೋಗಿರುತ್ತವೆ. ಪೀಪಾಯಿಗೆ ಅದನ್ನೇ ಬಳಸುವುದು ಅದಕ್ಕೇ. ನಾಯಿ ನೀರು ಚೆಲ್ಲದೆ ಕುಡಿದದ್ದುಂಟೇ? ನನಗೂ ಬಿಳಿಯದ್ದೇ ಬೇಕೆಂದೆ. ಪಕ್ಕದಲ್ಲೇ ಇನ್ನೊಂದು ಹಲಗೆಯಲ್ಲಿ ಕಬ್ಬಿಣದ ಮೊಳೆಯ ಸುತ್ತ ಶಾಯಿ ಚೆಲ್ಲಿದಂಥ ಕಪ್ಪು ಕಲೆ. ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶಕ್ಕೆ ಕಬ್ಬಿಣ, ನೀರು ಎರಡೂ ಸೇರಿದರೆ ಹೀಗಾಗುತ್ತೆ. ಆದ್ದರಿಂದ ಸ್ಟೇನ್‌ಲೆಸ್ ತಿರುಪು ಮಾತ್ರ.

ಆ ಗಿರಾಕಿಗೆ ಸಿಟ್ಟು ಬಂದದ್ದು ತಮ್ಮ ನಾಯಿಯ ಸ್ಟ್ಯಾಂಡಿನ ಅಡಿಭಾಗದ ವಿಷಯಕ್ಕೆ. ಯಾರೂ ನೋಡದ ಆ ಮಗ್ಗುಲನ್ನೂ ಬಡಗಿ ಉಪ್ಪುಕಾಗದದಿಂದ ಉಜ್ಜಿ, ಮರಕ್ಕೆ ಹಚ್ಚುವ ಟಂಗ್ ಎಣ್ಣೆ ಸವರುತ್ತಿದ್ದ. ಒಂದೇ ಮಗ್ಗುಲಿಗೆ ಎಣ್ಣೆ ಕೊಟ್ಟರೆ ತೇವ ಎರಡೂ ಕಡೆ ಒಂದೇ ಸಮನೆ ಏರಿಳಿಯದೆ ಹಲಗೆ ಬಾಗಬಹುದು. ಕಾರಣ ಕೇಳುವ ತಾಳ್ಮೆ ಆ ಮನುಷ್ಯರಿಗಿರಲಿಲ್ಲ. ಕೆಟ್ಟವರೇನಲ್ಲ, ಫೋನಿನ ತುಂಬ ತಮ್ಮ ನಾಯಿಯ ಫೋಟೊ ಇಟ್ಟುಕೊಂಡಿದ್ದರು. ಆದರೂ ಅವರ ಮಾತು ನನಗೆ ನೋವು ಕೊಟ್ಟಿತು. ಬಾಯಿಬಿಟ್ಟು ದೂರಲಾರದವರಿಗೆ ನಾವು ಎಲ್ಲ ಕಡೆಯೂ ಹೀಗೇ ಕೊಡುತ್ತೇವೆ. ಹಾಸಿಗೆ ಹಿಡಿದ ಅಜ್ಜನಿಗೆ ಹಳೆಯ ಹೊದಿಕೆ, ಮನೆಗೆಲಸದವರಿಗೆ ಒಡಕು ಲೋಟ. ಅಳತೆ ತಪ್ಪಿದರೂ ಅವರು ಕೇಳುವುದಿಲ್ಲವೆಂಬ ಧೈರ್ಯ ನಮಗೆ. ಈ ಬಡಗಿಯ ಲೆಕ್ಕದಲ್ಲಿ ಯಾರಿಗೆ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಮರ ಏನು ಕೇಳುತ್ತೋ ಅದನ್ನು ಮಾಡುತ್ತಾನೆ. ಅಂಥವರ ಕೈಗೆ ಕೆಲಸ ಕೊಡಲು ನನಗೆ ಹೆಮ್ಮೆ.

ನಮಗೆ ಆರಿಸಿದ ಹಲಗೆಯಲ್ಲಿ ತೇವ ಅಳೆಯುವ ಮೀಟರ್ ಇನ್ನೂ ಶೇ. 14 ತೋರಿಸುತ್ತಿದೆ. ಇಳಿದ ಮೇಲೆ ಬಟ್ಟಲು ತನ್ನಿ, ಅಂಚಿನ ಅಳತೆ ತೆಗೆದುಕೊಂಡೇ ಕೊರೆಯುತ್ತೇನೆ ಅಂದಿದ್ದಾನೆ. ಮುಂಗಡ ಕೊಟ್ಟು ಬಂದಿದ್ದೇನೆ.