ಪರೋಟ ರೊಟ್ಟಿ ಅಲ್ಲ ಅಂದ ಆ ಆದೇಶ

2020ರ ಜೂನ್ ತಿಂಗಳು ನೆನಪಿದೆಯಾ? ಲಾಕ್‌ಡೌನ್ ಆಗಷ್ಟೇ ಸಡಿಲವಾಗುತ್ತಿತ್ತು. ಮನೆಯಲ್ಲೇ ಆಫೀಸು, ಮನೆಯಲ್ಲೇ ಶಾಲೆ, ಮೂರು ಹೊತ್ತೂ ಅಡುಗೆ. ಅಂಥ ಹೊತ್ತಲ್ಲಿ ಒಂದು ಸುದ್ದಿ ಬಂತು: ಪ್ಯಾಕೆಟ್ಟಿನಲ್ಲಿ ಸಿಗುವ ಪರೋಟ ರೊಟ್ಟಿ ಅಲ್ಲವಂತೆ! ರೊಟ್ಟಿ, ಚಪಾತಿಗೆ ಆಗ ಇದ್ದ ಶೇ. 5 ಜಿಎಸ್‌ಟಿ ಅದಕ್ಕಿಲ್ಲ, ಶೇ. 18 ಕಟ್ಟಬೇಕು.

ಇದನ್ನು ಹೇಳಿದ್ದು ನಮ್ಮ ಕರ್ನಾಟಕದ ಜಿಎಸ್‌ಟಿ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ. ಅದು ಪೂರ್ತಿ ಕೋರ್ಟ್ ಅಲ್ಲ. ಕೇಂದ್ರದ ಒಬ್ಬ ತೆರಿಗೆ ಅಧಿಕಾರಿ, ರಾಜ್ಯದ ಒಬ್ಬ ತೆರಿಗೆ ಅಧಿಕಾರಿ ಕೂತು, ನಮ್ಮ ಸರಕಿಗೆ ಎಷ್ಟು ತೆರಿಗೆ ಬೀಳುತ್ತೆ ಅಂತ ಕೇಳಿದವರಿಗೆ ಉತ್ತರ ಕೊಡುವ ಜಾಗ. ಕೇಳಿದ್ದು ಬೆಂಗಳೂರಿನ ಐಡಿ ಫ್ರೆಶ್ ಫುಡ್ ಕಂಪನಿ. ಅವರ ಗೋಧಿ ಪರೋಟ ಮತ್ತು ಮಲಬಾರ್ ಪರೋಟದ ಬಗ್ಗೆ.

ಸುದ್ದಿ ಬಂದಾಗ ಜನ ಚೆನ್ನಾಗಿ ನಕ್ಕರು. ಟ್ವಿಟರ್‌ನಲ್ಲಿ 'ಪರೋಟದ ತಂಟೆಗೆ ಬರಬೇಡಿ' ಅನ್ನುವ ಅರ್ಥದ ಹ್ಯಾಶ್‌ಟ್ಯಾಗ್ ಓಡಾಡಿತು. ನಾನೂ ನಕ್ಕೆ. ಆದರೆ ಆ ಆದೇಶ ಕೊಟ್ಟ ಕಾರಣ ಓದಿದ ಮೇಲೆ ಬೇಜಾರಾಯಿತು. ಇವತ್ತಿಗೂ ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಕಾರಣ ಇಷ್ಟು. ತೆರಿಗೆ ಪಟ್ಟಿಯಲ್ಲಿ ಶೇ. 5 ಇದ್ದದ್ದು ಖಾಖ್ರಾ (ಗುಜರಾತಿನ ಗರಿಗರಿ ರೊಟ್ಟಿ), ಸಾದಾ ಚಪಾತಿ ಮತ್ತು ರೊಟ್ಟಿಗೆ. ಇವೆಲ್ಲ ಪೂರ್ತಿ ಬೆಂದಿರುತ್ತವೆ, ಹಾಗೇ ತಿನ್ನಬಹುದು. ಪ್ಯಾಕೆಟ್ ಪರೋಟವನ್ನು ಹಂಚಿನ ಮೇಲೆ ಇನ್ನೊಮ್ಮೆ ಬಿಸಿ ಮಾಡಬೇಕು. ಹಾಗಾಗಿ ಅದು ಆ ಗುಂಪಿಗೆ ಸೇರಲ್ಲ. ಪಟ್ಟಿಯಲ್ಲಿ ಪರೋಟ ಅನ್ನುವ ಹೆಸರೇ ಇರಲಿಲ್ಲ ಅನ್ನುವುದು ನಿಜ, ಅಷ್ಟರಮಟ್ಟಿಗೆ ಅಧಿಕಾರಿಗಳಿಗೂ ಕಷ್ಟ ಇತ್ತು, ಒಪ್ಪುತ್ತೇನೆ. ಆದರೆ ಎರಡು ನಿಮಿಷ ಹಂಚಿನ ಮೇಲೆ ಹಾಕುವುದಕ್ಕೆ ಶೇ. 13 ಜಾಸ್ತಿ ತೆರಿಗೆ!

ಆ ಪ್ಯಾಕೆಟ್ ಕೊಳ್ಳುವವರು ಯಾರು ಅಂತ ಸ್ವಲ್ಪ ನೋಡಿ. ಬೆಳಗ್ಗೆ ಏಳೂವರೆಗೆ ಸ್ಕೂಲ್ ವ್ಯಾನ್ ಬರುತ್ತೆ, ಎಂಟಕ್ಕೆ ಬಸ್ ಹಿಡಿಯಬೇಕು, ನಡುವೆ ನಾಲ್ಕು ಡಬ್ಬಿ ತುಂಬಬೇಕು, ನೀರು ನಿಲ್ಲುವ ಮೊದಲು ಬಟ್ಟೆ ನೆನೆಸಬೇಕು. ಇದರ ಮಧ್ಯೆ ಹಿಟ್ಟು ಕಲಸಿ, ನೆನೆಯಲು ಬಿಟ್ಟು, ಪದರ ಪದರವಾಗಿ ಮಡಚಿ, ಲಟ್ಟಿಸಿ ಪರೋಟ ಮಾಡಲು ಯಾರಿಗೆ ಪುರುಸೊತ್ತಿದೆ? ಪಿಜಿಯಲ್ಲಿ ಇರುವ ಹುಡುಗ ಹುಡುಗಿಯರು, ಸಂಜೆ ಎಂಟಕ್ಕೆ ಮನೆ ಸೇರುವ ಗಂಡ ಹೆಂಡತಿ, ಕೈ ನೋವಿನಿಂದ ಲಟ್ಟಣಿಗೆ ಹಿಡಿಯಲಾಗದ ಅಜ್ಜಿಯರು, ಇವರೇ ಅದರ ಗಿರಾಕಿಗಳು. ಅವರಿಗೆ ಅದು ಷೋಕಿ ಅಲ್ಲ, ರಾತ್ರಿಯ ಊಟ. ಆಗ ಹೋಟೆಲಿನಲ್ಲಿ ಕೂತು ಪರೋಟ ತಿಂದರೆ ಶೇ. 5 ಇತ್ತು, ಪ್ಯಾಕೆಟ್ ಪರೋಟ ಮನೆಗೆ ತಂದು ಬಿಸಿ ಮಾಡಿದರೆ ಶೇ. 18. ಇದು ಯಾವ ನ್ಯಾಯ?

ಇನ್ನೊಂದು ವಿಷಯ. ಪ್ಯಾಕೆಟ್ಟಿನ ದೋಸೆ ಹಿಟ್ಟಿಗೆ ಆಗಲೂ ಶೇ. 5 ಇತ್ತು. ದೋಸೆ ಹಿಟ್ಟನ್ನು ಯಾರಾದರೂ ಹಾಗೇ ತಿನ್ನುತ್ತಾರಾ? ಅದನ್ನೂ ಹಂಚಿಗೆ ಹಾಕಲೇಬೇಕು. ಪರೋಟವನ್ನು ಕೆಡದಂತೆ ಪ್ಯಾಕ್ ಮಾಡಿರುತ್ತಾರೆ, ಅದಕ್ಕೇ ಅದು ರೊಟ್ಟಿ ಅಲ್ಲ ಅನ್ನುವ ವಾದವೂ ಕೇಳಿಬಂತು. ಉತ್ತರ ಕರ್ನಾಟಕದ ಮನೆಗಳಲ್ಲಿ ಖಡಕ್ ಜೋಳದ ರೊಟ್ಟಿಯನ್ನು ವಾರಗಟ್ಟಲೆ ಪೇರಿಸಿ ಇಡುತ್ತಾರೆ, ಅದು ರೊಟ್ಟಿ ಅಲ್ಲ ಅಂತ ಯಾರೂ ಅನ್ನಲ್ಲ.

ಇಂಥ ಜಗಳ ನಮ್ಮ ಕೋರ್ಟುಗಳಿಗೆ ಹೊಸದೇನಲ್ಲ. 1961ರಲ್ಲಿ ಮಹಾರಾಷ್ಟ್ರದ ಅಕೋಲಾದ ವೀಳ್ಯದೆಲೆ ವ್ಯಾಪಾರಿಯೊಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ವೀಳ್ಯದೆಲೆಯೂ ತರಕಾರಿಯೇ, ತರಕಾರಿಗೆ ಮಾರಾಟ ತೆರಿಗೆ ಇಲ್ಲ, ಹಾಗಾಗಿ ನನಗೂ ಬೇಡ ಅನ್ನುವುದು ಅವರ ವಾದ. ಸಸ್ಯಶಾಸ್ತ್ರ ಏನು ಹೇಳುತ್ತೆ ಅನ್ನುವುದು ಮುಖ್ಯ ಅಲ್ಲ, ದಿನಾ ಕೊಳ್ಳುವ ಜನ ಅದನ್ನು ಏನು ಅಂತ ತಿಳಿದಿದ್ದಾರೆ ಅನ್ನುವುದು ಮುಖ್ಯ ಅಂದಿತು ಕೋರ್ಟು. ತರಕಾರಿ ತರಲು ಹೋದವರು ವೀಳ್ಯದೆಲೆ ತಂದರೆ ಮನೆಯಲ್ಲಿ ಸಾರು ಆಗುತ್ತಾ? ವ್ಯಾಪಾರಿ ಸೋತರು. 1978ರಲ್ಲಿ ಆಂಧ್ರದಿಂದ ಇನ್ನೊಂದು ಕೇಸು. ಅವಲಕ್ಕಿ, ಮಂಡಕ್ಕಿ ಅಕ್ಕಿಯ ಲೆಕ್ಕಕ್ಕೆ ಬರುತ್ತವೋ ಇಲ್ಲವೋ? ಬರುತ್ತವೆ ಅಂದಿತು ಸುಪ್ರೀಂ ಕೋರ್ಟ್. ಕುಟ್ಟಿದರೂ ಹುರಿದರೂ ಅಕ್ಕಿಯೇ.

ನನಗೆ ಈ ಹಳೆ ತೀರ್ಪುಗಳು ತುಂಬಾ ಇಷ್ಟ. ಕಪ್ಪು ಕೋಟಿನ ದೊಡ್ಡ ದೊಡ್ಡ ವಕೀಲರು ಗಂಟೆಗಟ್ಟಲೆ ವಾದ ಮಾಡಿದ ಮೇಲೆ, ಕೊನೆಗೆ ಮಾತು ನಡೆದದ್ದು ಕೈಚೀಲ ಹಿಡಿದು ಸಂತೆಗೆ ಹೋಗುವವರದ್ದು.

2024ರ ಡಿಸೆಂಬರಿನ ಕೊಬ್ಬರಿ ಎಣ್ಣೆ ತೀರ್ಪೂ ಅದೇ ದಾರಿಯದ್ದು. ಚಿಕ್ಕ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆ ಅಡುಗೆಯದ್ದೋ ತಲೆಗೆ ಹಚ್ಚುವುದೋ? ಆಗಿನ ಜಿಎಸ್‌ಟಿ ಲೆಕ್ಕದಲ್ಲಿ ಅಡುಗೆಗಾದರೆ ಶೇ. 5, ತಲೆಗಾದರೆ ಶೇ. 18. 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲೇ ಒಮ್ಮತ ಬರಲಿಲ್ಲ. ರಂಜನ್ ಗೊಗೊಯ್ ಅಡುಗೆಗೆ ಅಂದರು, ಆರ್. ಭಾನುಮತಿ ತಲೆಗೆ ಅಂದರು. ಕೊನೆಗೆ ಮೂವರ ಪೀಠ ಹೇಳಿತು, ಬಾಟಲಿ ಚಿಕ್ಕದು ಅಂದ ಮಾತ್ರಕ್ಕೆ ಅದು ತಲೆ ಎಣ್ಣೆ ಆಗಲ್ಲ, ದುಡ್ಡಿನ ಲೆಕ್ಕಕ್ಕೋ ತಾಜಾ ಇರಲಿ ಅಂತಲೋ ಜನ ಅಡುಗೆ ಎಣ್ಣೆಯನ್ನೂ ಸ್ವಲ್ಪ ಸ್ವಲ್ಪವೇ ಕೊಳ್ಳಬಹುದು. ಮಂಗಳೂರು ಕಡೆಯ ಯಾವ ಮನೆಯಲ್ಲಿ ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು ಅಲ್ವಾ?

ಪರೋಟಕ್ಕೂ 2024ರ ಏಪ್ರಿಲ್‌ನಲ್ಲಿ ಕೇರಳ ಹೈಕೋರ್ಟಿನಲ್ಲಿ ನ್ಯಾಯ ಸಿಕ್ಕಿತು. ಬೇರೊಂದು ಕಂಪನಿಯ ಮಲಬಾರ್ ಪರೋಟದ ಕೇಸು. ಶೇ. 5 ಸಾಕು ಅಂದರು ನ್ಯಾಯಮೂರ್ತಿಗಳು. ಆಮೇಲೆ 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿಯೇ ಗೊಂದಲ ಮುಗಿಸಿತು. ಚಪಾತಿ, ರೊಟ್ಟಿ, ಪರೋಟ, ಯಾವ ಹೆಸರಿನಲ್ಲಿ ಕರೆದರೂ ಸರಿ, ತೆರಿಗೆ ಸೊನ್ನೆ. ತಲೆ ಎಣ್ಣೆಯೂ ಶೇ. 5ಕ್ಕೆ ಇಳಿಯಿತು. ಸೆಪ್ಟೆಂಬರ್ 22ರಿಂದ ಜಾರಿ.

ಮಂಡಳಿ ಮಾಡಿದ್ದು ಒಳ್ಳೆಯ ಕೆಲಸ. ಆದರೆ ಅಷ್ಟರವರೆಗೆ ಪ್ಯಾಕೆಟ್ಟಿಗೆ ಶೇ. 18 ಕೊಟ್ಟವರಿಗೆ ಆ ಹೆಚ್ಚಿನ ದುಡ್ಡು ವಾಪಸ್ ಬರಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಎಷ್ಟೇ ಗಡಿಬಿಡಿಯಲ್ಲಿದ್ದರೂ ಮುಂದಿನ ಸಲ ಪರೋಟ ಕೊಂಡಾಗ ಬಿಲ್ಲಿನಲ್ಲಿ ಆ ಸಾಲನ್ನು ಒಮ್ಮೆ ನೋಡಿ. ಸೊನ್ನೆ ಇಲ್ಲದಿದ್ದರೆ ಸುಮ್ನೆ ಬರಬೇಡಿ, ಅಲ್ಲೇ ಕೇಳಿ.