ಉಪಸಂಹಾರವಿಲ್ಲದ ಬರಹಗಳು

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮಕ್ಕಳನ್ನು ಸಿದ್ಧಗೊಳಿಸುವ ಕನ್ನಡ ಶಿಕ್ಷಕರೆಲ್ಲರೂ ಪ್ರಬಂಧದ ಮೂರು ಭಾಗಗಳನ್ನು ಕಪ್ಪುಹಲಗೆಯ ಮೇಲೆ ಬರೆದೇ ಬರೆದಿರುತ್ತಾರೆ: ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪರಿಸರ ಮಾಲಿನ್ಯ, ಗ್ರಂಥಾಲಯಗಳ ಮಹತ್ವ, ರಾಷ್ಟ್ರೀಯ ಹಬ್ಬಗಳು ಮುಂತಾದ ವಿಷಯಗಳಿಗೆ ಈ ಅಚ್ಚು ಹೊಂದುತ್ತದೆ, ಅಂಕವೂ ಬರುತ್ತದೆ, ಅದನ್ನು ಕಲಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹದಿನಾಲ್ಕು ಹದಿನೈದರ ವಯಸ್ಸಿನ ಹುಡುಗ ಹುಡುಗಿಯರು ತಮ್ಮದೇ ಬದುಕಿನ ಬಗ್ಗೆ ಬರೆಯಲು ಕುಳಿತಾಗಲೂ ಅವರ ಕೈಗೆ ಬರುವುದು ಇದೇ ಅಚ್ಚು. ‘ಮಾನವನ ಜೀವನದಲ್ಲಿ ತಾಯಿಯ ಪಾತ್ರ ಮಹತ್ವದ್ದಾಗಿದೆ’ ಎಂದು ಆರಂಭವಾಗಿ ‘ಆದ್ದರಿಂದ ನಾವೆಲ್ಲರೂ ತಾಯಿಯನ್ನು ಗೌರವಿಸಬೇಕು’ ಎಂದು ಮುಗಿಯುವ ಎರಡು ಪುಟಗಳಲ್ಲಿ ಆ ಮಗುವಿನ ತಾಯಿ ಒಂದು ಸಾಲಿನಲ್ಲಿಯೂ ಕಾಣಿಸುವುದಿಲ್ಲ. ಅವರು ಯಾವ ತೋಟದಲ್ಲಿ ದುಡಿಯುತ್ತಾರೆ, ಯಾವುದಕ್ಕೆ ಸಿಟ್ಟಾಗುತ್ತಾರೆ, ಮಳೆಗಾಲದಲ್ಲಿ ಒದ್ದೆ ಸಮವಸ್ತ್ರವನ್ನು ಹೇಗೆ ಒಣಗಿಸಿ ಕೊಡುತ್ತಾರೆ ಎಂಬುದು ಬರೆಯತಕ್ಕ ವಿಷಯವೆಂದು ಆ ಮಗುವಿಗೆ ಯಾರೂ ಹೇಳಿರುವುದಿಲ್ಲ.

ನಾನು ಕೊಡಗಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಇಲ್ಲಿ ಒಂದೇ ಕೋಣೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು, ಯರವರ ಮತ್ತು ಕುರುಬರ ನುಡಿಗಳನ್ನು ಮನೆಮಾತಾಗಿ ಆಡುವ ಮಕ್ಕಳು ಕುಳಿತಿರುತ್ತಾರೆ. ಕಾಫಿ ತೋಟದ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳೂ ಈಗ ಬರುತ್ತಿದ್ದಾರೆ. ಇವರಲ್ಲಿ ಹೆಚ್ಚಿನವರಿಗೆ ಕನ್ನಡವು ಶಾಲೆಯ ಭಾಷೆ, ಅಂದರೆ ಪಾಠದ, ಅರ್ಜಿಯ, ಉತ್ತರಪತ್ರಿಕೆಯ ಭಾಷೆ. ಬಿಡುವಿನ ವೇಳೆಯಲ್ಲಿ ಆನೆ ಅಟ್ಟಿಸಿಕೊಂಡು ಬಂದ ಪ್ರಸಂಗವನ್ನು ಉಸಿರು ಬಿಗಿಹಿಡಿಯುವಂತೆ ಹೇಳಬಲ್ಲ ಹುಡುಗನೇ ಪೆನ್ನು ಹಿಡಿದ ಕೂಡಲೇ ‘ಕಾಡುಪ್ರಾಣಿಗಳ ಹಾವಳಿಯಿಂದ ಜನರು ತತ್ತರಿಸಿದ್ದಾರೆ’ ಎಂದು ಬರೆಯುತ್ತಾನೆ. ಅವನಿಗೆ ಹೇಳಲು ಏನೂ ಇಲ್ಲವೆಂದಲ್ಲ. ತಾನು ಕಂಡದ್ದನ್ನು ತಿಳಿಯುವ ಆಸೆ ಓದುವವರಿಗೆ ಇದೆಯೆಂಬ ನಂಬಿಕೆ ಅವನಿಗೆ ಇನ್ನೂ ಹುಟ್ಟಿಲ್ಲ. ಆ ನಂಬಿಕೆಯನ್ನು ಹುಟ್ಟಿಸುವುದೇ ಶಿಕ್ಷಕರ ಮೊದಲ ಕೆಲಸವೆಂದೂ, ಅದು ತಿದ್ದುವುದರಿಂದ ಆಗುವುದಲ್ಲ, ಕೇಳುವುದರಿಂದ ಆಗುವುದೆಂದೂ ನಾನು ದೃಢವಾಗಿ ನಂಬಿದ್ದೇನೆ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಬ್ಬ ಹುಡುಗಿ ತನ್ನ ತಂದೆಯ ಬಗ್ಗೆ ‘ನನ್ನ ತಂದೆ ಹಗಲಿರುಳು ದುಡಿಯುವ ಶ್ರಮಜೀವಿ’ ಎಂದು ಬರೆದಿದ್ದಳು. ವಾಕ್ಯದಲ್ಲಿ ವ್ಯಾಕರಣದ ದೋಷವಿರಲಿಲ್ಲ. ನಾನು ಕೆಂಪು ಶಾಯಿಯನ್ನು ಬಳಸದೆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ, ‘ಅವರು ಸಂಜೆ ಮನೆಗೆ ಬಂದ ಕೂಡಲೇ ಮೊದಲು ಏನು ಮಾಡುತ್ತಾರೆ?’ ಎಂದು ಕೇಳಿದೆ. ಮುಂದಿನ ವಾರ ಅವಳು ಬರೆದು ತಂದದ್ದು ಹೀಗಿತ್ತು: ‘ಅಪ್ಪ ಮರ ಕಪಾತಿನ ಕೆಲಸ ಮುಗಿಸಿ ಬಂದು ಮೊದಲು ಹಗ್ಗವನ್ನು ಬಾಗಿಲ ಪಕ್ಕದ ಮೊಳೆಗೆ ಹಾಕುತ್ತಾರೆ. ಹಗ್ಗ ಅಲ್ಲಿ ಕಂಡರೆ ಅವ್ವ ಕಾಫಿಗೆ ನೀರಿಡುತ್ತಾಳೆ. ಕತ್ತಲಾದರೂ ಹಗ್ಗ ಕಾಣದಿದ್ದರೆ ನಾನು ತೋಟದ ಗೇಟಿನವರೆಗೆ ಹೋಗಿ ನಿಲ್ಲುತ್ತೇನೆ.’ ಎತ್ತರದ ನೆರಳು ಮರಗಳನ್ನು ಹತ್ತಿ ಕೊಂಬೆ ಕಡಿಯುವ ಕೆಲಸದಲ್ಲಿ ಬಿದ್ದು ಸಾಯುವವರ ಸುದ್ದಿ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೊಸದಲ್ಲ. ಆ ಹುಡುಗಿ ಭಯ ಎಂಬ ಪದವನ್ನು ಎಲ್ಲಿಯೂ ಬಳಸಲಿಲ್ಲ, ಪ್ರೀತಿ ಎಂಬುದನ್ನೂ ಬಳಸಲಿಲ್ಲ; ಎರಡೂ ಆ ಮೂರು ಸಾಲುಗಳಲ್ಲಿ ಇದ್ದವು. ಅವಳಿಗೆ ನಾನು ಕಲಿಸಿದ್ದು ಏನೂ ಇಲ್ಲ. ನನಗೆ ಗೊತ್ತಿಲ್ಲದ, ಅವಳಿಗೆ ಮಾತ್ರ ಗೊತ್ತಿರುವ ಒಂದು ಸಂಗತಿಯನ್ನು ಕೇಳಿದೆ, ಅಷ್ಟೇ.

ಹಾಗೆಂದು ಯಾವ ಪ್ರಶ್ನೆಯಾದರೂ ಆದೀತು ಎಂದಲ್ಲ. ‘ನಿನ್ನ ಬದುಕಿನ ಮರೆಯಲಾಗದ ಘಟನೆ’ ಎಂದು ಕೇಳಿದರೆ ಮಕ್ಕಳು ಒಂದೋ ಪ್ರವಾಸದ ವರದಿಯನ್ನು ಬರೆಯುತ್ತಾರೆ, ಇಲ್ಲವೇ ದೊಡ್ಡ ದುಃಖವೊಂದು ತಮಗಿಲ್ಲವೆಂದು ಪೇಚಾಡುತ್ತಾರೆ. ಮೊಬೈಲನ್ನು ಕೇಳಿದರೂ ಅಂಥ ಪ್ರಬಂಧ ಕ್ಷಣದಲ್ಲಿ ಸಿಗುತ್ತದೆ. ಆದ್ದರಿಂದ ಪ್ರಶ್ನೆ ಚಿಕ್ಕದಾಗಿರಬೇಕು, ಒಂದು ಜಾಗಕ್ಕೆ ಅಥವಾ ಒಂದು ವಸ್ತುವಿಗೆ ಅಂಟಿಕೊಂಡಿರಬೇಕು. ಬಸ್ಸಿಳಿದು ಮನೆಗೆ ನಡೆಯುವ ದಾರಿಯಲ್ಲಿ ನೀನು ಎಲ್ಲಿ ವೇಗವಾಗಿ ನಡೆಯುತ್ತೀಯ, ಏಕೆ? ನಿಮ್ಮ ಮನೆಯಲ್ಲಿ ಯಾರೂ ಮುಟ್ಟಬಾರದ ವಸ್ತು ಯಾವುದು? ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಮನೆಯ ಹಿರಿಯರ ಪರವಾಗಿ ನೀನು ಮಾತಾಡಬೇಕಾಗಿ ಬಂದದ್ದು ಯಾವಾಗ? ಈ ಕೊನೆಯ ಪ್ರಶ್ನೆಗೆ ಬುಡಕಟ್ಟು ಜನರ ಹಾಡಿಗಳಿಂದ ಮತ್ತು ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವ ಮಕ್ಕಳು ಬರೆಯುವುದನ್ನು ಓದಿದಾಗ, ಹನ್ನೆರಡು ಹದಿಮೂರನೆಯ ವಯಸ್ಸಿಗೇ ಇವರು ಎಷ್ಟು ದೊಡ್ಡ ಜವಾಬ್ದಾರಿಯನ್ನು ಹೊತ್ತಿದ್ದಾರೆಂಬುದು ತಿಳಿಯುತ್ತದೆ. ಹಾಜರಾತಿಯ ಪುಸ್ತಕದಿಂದ ಅದು ಎಂದಿಗೂ ತಿಳಿಯುವುದಿಲ್ಲ.

ಬರೆಯುವ ಮೊದಲು ಹೇಳಬೇಕೆಂಬುದು ನಾನು ಬಿಡದೆ ಪಾಲಿಸುವ ಕ್ರಮ. ಇಬ್ಬಿಬ್ಬರಾಗಿ ಕುಳಿತು ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಕೇಳಿ, ತಮಗೆ ಇನ್ನೂ ಏನು ತಿಳಿಯಬೇಕೆಂದು ಪ್ರಶ್ನಿಸುತ್ತಾರೆ. ಹೇಳುವುದು ಯಾವ ಭಾಷೆಯಲ್ಲಿಯಾದರೂ ಆಗಬಹುದು. ಅನಂತರ ಹತ್ತು ಹದಿನೈದು ನಿಮಿಷ ಪೆನ್ನನ್ನು ನಿಲ್ಲಿಸದೆ, ಹಿಂದಿನ ಸಾಲನ್ನು ಅಳಿಸದೆ ಬರೆಯಬೇಕು. ಕನ್ನಡ ಪದ ಹೊಳೆಯದಿದ್ದರೆ ಮನೆಮಾತಿನ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದು ಮುಂದೆ ಹೋಗಬೇಕು. ಕೊಡವ ತಕ್ಕ್ ಮತ್ತು ಅರೆಭಾಷೆಯ ಸಾಹಿತ್ಯ ಕನ್ನಡ ಲಿಪಿಯಲ್ಲಿಯೇ ಬೆಳೆದಿದೆ, ಎರಡಕ್ಕೂ ಸರ್ಕಾರದ ಅಕಾಡೆಮಿಗಳಿವೆ. ಆದರೂ ಅಜ್ಜಿಯ ಮಾತನ್ನು ಅಜ್ಜಿಯ ಭಾಷೆಯಲ್ಲಿಯೇ ಬರೆಯಬಹುದೆಂದು ಹೇಳಿದಾಗ ತರಗತಿಯ ಅರ್ಧ ಮಕ್ಕಳು ‘ಹಾಗೆ ಬರೆಯಬಹುದಾ ಮಿಸ್?’ ಎಂದು ನಂಬದೆ ಕೇಳುತ್ತಾರೆ. ಅನುಮತಿ ಸಿಕ್ಕ ದಿನದಿಂದ ಅವರ ಬರವಣಿಗೆಯಲ್ಲಿ ಸಂಭಾಷಣೆ ಕಾಣಿಸಿಕೊಳ್ಳುತ್ತದೆ. ಕಾಗುಣಿತವನ್ನೂ ವಾಕ್ಯರಚನೆಯನ್ನೂ ನಾನು ತಿದ್ದದೆ ಬಿಡುವುದಿಲ್ಲ, ಆದರೆ ಅದಕ್ಕೆ ಎರಡನೆಯ ಅಥವಾ ಮೂರನೆಯ ಕರಡಿನವರೆಗೆ ಕಾಯುತ್ತೇನೆ. ಆ ಹೊತ್ತಿಗೆ ಬರಹ ತಮ್ಮದೆಂಬ ಅಭಿಮಾನ ಮೂಡಿರುತ್ತದೆ, ಅವರೇ ಬಂದು ಸರಿಯಾದ ರೂಪ ಯಾವುದೆಂದು ವಿಚಾರಿಸುತ್ತಾರೆ.

ಕೊಡಗಿನಲ್ಲಿ ಈ ಕೆಲಸ ಮಾಡುವವರು 2018ರ ಆಗಸ್ಟ್ ತಿಂಗಳನ್ನು ದಾಟಿ ಹೋಗಲಾಗದು. ಮಕ್ಕಂದೂರು, ಜೋಡುಪಾಲ, ಕಾಲೂರು, ಹಟ್ಟಿಹೊಳೆಯ ಕಡೆ ಬೆಟ್ಟಗಳು ಜರಿದು ಬಂದಾಗ ಈಗಿನ ಪ್ರೌಢಶಾಲೆಯ ಮಕ್ಕಳು ಅಂಗನವಾಡಿಯಲ್ಲೋ ಕಿರಿಯ ಪ್ರಾಥಮಿಕ ತರಗತಿಯಲ್ಲೋ ಇದ್ದರು. ಅವರ ಊರಿನ ಕತೆಯನ್ನು ಅವರಿಗಿಂತ ಮೊದಲು ಟಿ.ವಿ.ಯವರು ಹೇಳಿದರು, ಪತ್ರಿಕೆಯವರು ಹೇಳಿದರು, ಪರಿಹಾರದ ಅರ್ಜಿಗಳು ಹೇಳಿದವು. ಹೀಗಾಗಿ ಆ ವಿಷಯ ಬಂದಾಗಲೆಲ್ಲ ‘ಪ್ರಕೃತಿ ಮುನಿಸಿಕೊಂಡಿತು’, ‘ಜನಜೀವನ ಅಸ್ತವ್ಯಸ್ತವಾಯಿತು’ ಎಂಬ ಸಾಲುಗಳೇ ಅವರ ಕೈಯಿಂದ ಹೊರಡುತ್ತವೆ. ಭೂಕುಸಿತದ ಬಗ್ಗೆ ಬರೆಯಿರಿ ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ‘ನೀವು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದಾಗ ಜೊತೆಗೆ ಬಂದ ವಸ್ತು ಯಾವುದು’ ಎಂಬ, ಯಾರು ಬೇಕಾದರೂ ಉತ್ತರಿಸಬಹುದಾದ ಪ್ರಶ್ನೆಗೆ ಒಬ್ಬ ಹುಡುಗ ಪರಿಹಾರ ಕೇಂದ್ರದಲ್ಲಿ ಕೊಟ್ಟ ನೀಲಿ ಪ್ಲಾಸ್ಟಿಕ್ ಮಗ್ಗಿನ ಬಗ್ಗೆ ಬರೆದ. ಸರ್ಕಾರ ಕಟ್ಟಿಸಿಕೊಟ್ಟ ಹೊಸ ಮನೆಯಲ್ಲಿಯೂ ಆ ಮಗ್ಗು ಇದೆ, ಅವನ ತಮ್ಮ ಅದರಲ್ಲಿಯೇ ಸ್ನಾನ ಮಾಡುತ್ತಾನೆ, ಆ ತಮ್ಮ ಹುಟ್ಟಿದ್ದು ಗುಡ್ಡದ ಬರೆ ಕುಸಿದ ಮೇಲೆ, ಆದ್ದರಿಂದ ಅವನಿಗೆ ಹಳೆಯ ಮನೆಯನ್ನು ವಿವರಿಸುವುದು ತನ್ನ ಕೆಲಸ ಎಂದು ಆ ಹುಡುಗ ಬರೆದಿದ್ದ.

ಈ ವಯಸ್ಸಿನಲ್ಲಿಯೇ ಹೀಗೆ ಬರೆಯಲು ಸಾಧ್ಯವಾಗುವುದಕ್ಕೆ ಕಾರಣವಿದೆ. ಮನೋವಿಜ್ಞಾನಿಗಳಾದ ಟಿಲ್ಮನ್ ಹಾಬರ್ಮಾಸ್ ಮತ್ತು ಸೂಸನ್ ಬ್ಲಕ್ 2000ನೇ ಇಸವಿಯಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಚಿಕ್ಕ ಮಕ್ಕಳು ಒಂದೊಂದು ಘಟನೆಯನ್ನು ಚೆನ್ನಾಗಿಯೇ ಹೇಳಬಲ್ಲರಾದರೂ, ಆ ಘಟನೆಗಳನ್ನು ಕಾರಣಗಳಿಂದ ಹೆಣೆದು ‘ನಾನು ಹೀಗಾದದ್ದು ಇದರಿಂದ’ ಎಂಬ ಜೀವನಕಥೆಯಾಗಿ ಜೋಡಿಸುವ ಸಾಮರ್ಥ್ಯ ಮೂಡುವುದು ಹದಿಹರೆಯದಲ್ಲಿ ಎಂದು ವಾದಿಸಿದ್ದಾರೆ. ಬಾಲ್ಯದಲ್ಲಿ ಬಿಡಿಬಿಡಿಯಾಗಿ ಉಳಿದ ನೆನಪುಗಳಿಗೆ ಅರ್ಥ ಕೊಡುವ ಶಕ್ತಿ ಬರುವ ವರ್ಷಗಳನ್ನು ನಾವು ಸಿದ್ಧ ಉತ್ತರಗಳ ಬಾಯಿಪಾಠಕ್ಕೆ ಮಾತ್ರ ಮೀಸಲಿಡುತ್ತಿದ್ದೇವೆ ಎಂಬುದು ನನ್ನನ್ನು ಬಹಳವಾಗಿ ನೋಯಿಸುತ್ತದೆ.

ಆದರೆ ಬರೆದರೆ ನೋವು ಹಗುರವಾಗುತ್ತದೆ ಎಂದು ಸರಳವಾಗಿ ಹೇಳಿಬಿಡುವುದನ್ನು ನಾನು ಒಪ್ಪುವುದಿಲ್ಲ. ಈ ಮಾತಿಗೆ ಹೆಚ್ಚಾಗಿ ಆಧಾರವಾಗಿ ತೋರಿಸುವುದು ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಅವರ 1986ರ ಅಧ್ಯಯನವನ್ನು. ಅದರಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದಿದ್ದರು. ತಮ್ಮ ಆಘಾತದ ಘಟನೆಯನ್ನೂ ಅದರ ಬಗೆಗಿನ ಭಾವನೆಗಳನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ ಎಂಬುದು ಅದರ ಫಲಿತಾಂಶ. ಆದರೆ ಬರೆದ ಕೂಡಲೇ ಅವರ ಮನಸ್ಸು ಹೆಚ್ಚು ಕಲಕಿತ್ತು ಎಂಬುದೂ ಅದೇ ಅಧ್ಯಯನದಲ್ಲಿದೆ. ಕೊನೆಯ ಗಂಟೆ ಬಾರಿಸಿದ ಮೇಲೆ ಮಳೆಯಲ್ಲಿ ಒಬ್ಬಂಟಿಯಾಗಿ ಜೀಪು ಹತ್ತಿ ಹೋಗುವ ಮಗುವಿನ ಎದೆಯನ್ನು ಹಾಗೆ ಕಲಕಿ ಕಳುಹಿಸುವ ಹಕ್ಕು ಶಿಕ್ಷಕರಿಗಿಲ್ಲ. ಆಳವಾದ ಗಾಯವನ್ನು ಕೇಳಿ ಪಡೆಯಬಾರದು. ತಾನಾಗಿ ಬಂದರೆ ಗೌರವದಿಂದ ಓದಬೇಕು.

ಗುಟ್ಟಿನ ವಿಷಯದಲ್ಲಿ ಮಕ್ಕಳಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕಾದ ಒಂದು ಮಾತಿದೆ. ಪುಟವನ್ನು ಮಡಚಿ ಅಂಟಿಸಿದರೆ ಅದನ್ನು ನಾನು ಓದುವುದಿಲ್ಲ, ಓದಿದ್ದನ್ನು ಶಿಕ್ಷಕರ ಕೊಠಡಿಯಲ್ಲಿ ಆಡುವುದಿಲ್ಲ, ಅನುಮತಿ ಇಲ್ಲದೆ ತರಗತಿಯಲ್ಲಿ ಓದಿಸುವುದಿಲ್ಲ. ಆದರೆ ಯಾರಾದರೂ ತಮ್ಮ ಮೇಲೆ ದೌರ್ಜನ್ಯ ನಡೆದಿದೆಯೆಂದು ಬರೆದರೆ ಅದನ್ನು ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆಂದು ನಾನು ಮಾತು ಕೊಡಲಾರೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ವಿಷಯ ತಿಳಿದವರು ಅದನ್ನು ಪೊಲೀಸರಿಗೆ ವರದಿ ಮಾಡಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ವಿಧಿಸುತ್ತದೆ. ಬರೆಯಲು ಆರಂಭಿಸುವ ಮೊದಲ ದಿನವೇ ಇದನ್ನು ಹೇಳಿ, ಮಕ್ಕಳ ಸಹಾಯವಾಣಿ 1098ನ್ನು ಹಲಗೆಯ ಮೇಲೆ ಬರೆಯುತ್ತೇನೆ. ಸುಳ್ಳು ಭರವಸೆಯ ಮೇಲೆ ನಿಂತ ಪ್ರಾಮಾಣಿಕ ಬರವಣಿಗೆ ನನಗೆ ಬೇಡ.

ನಮ್ಮದು ಎಲ್ಲರೂ ಎಲ್ಲರನ್ನೂ ಬಲ್ಲ ಜಿಲ್ಲೆ ಎಂಬುದೂ ಗಮನಿಸಬೇಕಾದ ಸಂಗತಿ. ಮನೆತನದ ಹೆಸರಿನ ಮೊದಲೆರಡು ಅಕ್ಷರ ಕಂಡರೆ ಸಾಕು, ಯಾವ ಊರಿನ ಯಾರ ಮಗಳೆಂದು ಗುರುತಿಸುವವರಿದ್ದಾರೆ. ಆದ್ದರಿಂದ ಕೈಬರಹದ ಪತ್ರಿಕೆಗೆ ಆರಿಸುವ ಬರಹಗಳಲ್ಲಿ ಹೆಸರು ಬದಲಿಸುವುದಷ್ಟೇ ಸಾಲದು. ಊರನ್ನೂ ನೆಂಟಸ್ತಿಕೆಯನ್ನೂ ಬದಲಿಸುವ ಸ್ವಾತಂತ್ರ್ಯವನ್ನು ಕೊಡುತ್ತೇನೆ, ಬೇರೆ ಹೆಸರಿನಿಂದ ಬರೆಯಲು ಬಿಡುತ್ತೇನೆ. ಹಾಗೆ ಬರೆಯುವುದು ಹೇಡಿತನವಲ್ಲವೇ ಎಂದು ಒಮ್ಮೆ ಒಬ್ಬಳು ಕೇಳಿದಳು. ಕೊಡಗಿನ ಗೌರಮ್ಮನವರ ವಿಷಯವನ್ನು ಅವಳಿಗೆ ಹೇಳಿದೆ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, 1939ರಲ್ಲಿ ಇಪ್ಪತ್ತೇಳನೆಯ ವಯಸ್ಸಿಗೇ ತೀರಿಕೊಂಡ ಅವರು ಕನ್ನಡದ ಮೊದಲ ಸಾಲಿನ ಕಥೆಗಾರ್ತಿಯರಲ್ಲಿ ಒಬ್ಬರು, ಮತ್ತು ಅವರು ಬರೆದದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ. ತಮ್ಮ ಶಾಲಾ ಬಸ್ಸು ಓಡಾಡುವ ಊರಿನಲ್ಲಿಯೇ ಹುಟ್ಟಿದ, ತಮಗಿಂತ ಹತ್ತು ಹನ್ನೆರಡು ವರ್ಷವಷ್ಟೇ ದೊಡ್ಡವರಾಗಿದ್ದ ಹೆಣ್ಣುಮಗಳೊಬ್ಬರು ಕಥೆ ಬರೆದರೆಂಬುದು ನನ್ನ ವಿದ್ಯಾರ್ಥಿನಿಯರಿಗೆ ಯಾವ ಉಪದೇಶಕ್ಕಿಂತಲೂ ಹೆಚ್ಚಿನ ಧೈರ್ಯ ಕೊಡುತ್ತದೆ.

ಎಲ್ಲ ಬರಹವೂ ನೋವಿನದಾಗಬೇಕಿಲ್ಲ. ಹಾಕಿ ಆಟದಲ್ಲಿ ತನ್ನನ್ನು ಸದಾ ಗೋಲ್‌ಕೀಪರ್ ಮಾಡುತ್ತಾರೆಂದು ಬರೆದ ಹುಡುಗನ ಪುಟ ನಾನು ಓದಿದ ಅತ್ಯಂತ ಸಂತೋಷದ ಬರಹಗಳಲ್ಲೊಂದು. ಅಮೆರಿಕದ ಹದಿಹರೆಯದವರು ಕಾಲೇಜು ಸೇರಲು ಕಾಮನ್ ಅಪ್ಲಿಕೇಶನ್ ಎಂಬ ಅರ್ಜಿಯಲ್ಲಿ 650 ಪದಗಳ ಒಳಗೆ ತಮ್ಮ ಕತೆಯನ್ನು ಬರೆಯಬೇಕಾಗುತ್ತದೆ, ಅಲ್ಲಿ ಬರಹ ಪ್ರವೇಶಕ್ಕೆ ಸಾಧನವೂ ಹೌದು. ನಮ್ಮಲ್ಲಿ ಪಿಯುಸಿಗೆ ಅಂಕ, ಎಂಜಿನಿಯರಿಂಗಿಗೆ ಸಿಇಟಿ ರ‍್ಯಾಂಕ್. ಮಗುವಿನ ಕತೆಯನ್ನು ಯಾವ ಕಾಲೇಜೂ ಕೇಳುವುದಿಲ್ಲ. ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ತನ್ನ ಬಡತನವನ್ನೋ ದುಃಖವನ್ನೋ ಯಾರಿಗೂ ಒಪ್ಪುವಂತೆ ಸಿಂಗರಿಸಬೇಕಾಗಿಲ್ಲದ ಮಗು ಗೋಲ್‌ಪೋಸ್ಟಿನ ಬಗ್ಗೆಯೂ ನಿರಾಳವಾಗಿ ಬರೆಯಬಲ್ಲದು.

ಕರಡು ಮುಗಿದ ಮೇಲೆ ನಾನು ಎಲ್ಲರಿಗೂ ಕೊಡುವ ಸೂಚನೆ ಒಂದೇ: ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಉಳಿದದ್ದನ್ನು ಓದಿ ನೋಡಿ. ಹೆಚ್ಚಿನ ಸಲ ಆ ಪ್ಯಾರಾದಲ್ಲಿ ಇರುವುದು ‘ಇದರಿಂದ ನಾನು ಕಲಿತ ಪಾಠ’. ಅದಿಲ್ಲದೆ ಬರಹ ಇನ್ನಷ್ಟು ಗಟ್ಟಿಯಾಗುವುದನ್ನು ಕಂಡು ಅವರೇ ಅದನ್ನು ಹೊಡೆದುಹಾಕುತ್ತಾರೆ. ಪೋಷಕರ ಸಭೆಯಲ್ಲಿ ಇದರಿಂದ ಅಂಕ ಬರುತ್ತದೆಯೇ ಎಂದು ಕೇಳುವವರಿಗೆ ನಾನು, ಪ್ರಬಂಧದ ಅಚ್ಚನ್ನು ಹತ್ತನೆಯ ತರಗತಿಯಲ್ಲಿ ಖಂಡಿತವಾಗಿ ಕಲಿಸುತ್ತೇನೆ, ಅದಕ್ಕೆ ಮೊದಲು ಸ್ವಂತ ವಾಕ್ಯ ಬರೆಯಲು ಬಂದಿರಲಿ ಎಂದು ಉತ್ತರಿಸುತ್ತೇನೆ. ಹತ್ತನೆಯ ತರಗತಿಯಲ್ಲಿ ವಿಶೇಷ ತರಗತಿಗಳೂ ಪೂರ್ವಸಿದ್ಧತಾ ಪರೀಕ್ಷೆಯೂ ಸೇರಿ ಇಂಥ ಸ್ವಂತ ಬರವಣಿಗೆಗೆ ಸಮಯವೇ ಉಳಿಯುವುದಿಲ್ಲ. ಆದ್ದರಿಂದ ಎಂಟು ಮತ್ತು ಒಂಬತ್ತನೆಯ ತರಗತಿಗಳಲ್ಲಿ, ಅದರಲ್ಲಿಯೂ ಮಳೆಯ ರಜೆಗಳು ಮುಗಿದು ಕಾಫಿ ಕೊಯ್ಲು ಆರಂಭವಾಗುವ ಮೊದಲಿನ ತಿಂಗಳುಗಳಲ್ಲಿ ಇದನ್ನು ಮಾಡುವುದು ಒಳ್ಳೆಯದು. ಕೊಯ್ಲು ಶುರುವಾದರೆ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಯೂ ಕೆಲಸಕ್ಕೆ ಬೇಕಾಗುತ್ತದೆ.