ಹಳಗನ್ನಡ ಕಾರ್ಡು ಪೆಟ್ಟಿಗೆ, ಆರನೆಯ ತಿಂಗಳು: ‘ಎರ್ದೆ’ ಸಿಕ್ಕಿತು

ಹಳಗನ್ನಡದ ಪದಗಳನ್ನು ಕಲಿಯಲೆಂದು ಒಂದೊಂದು ಪದವನ್ನು ಒಂದೊಂದು ಕಾರ್ಡಿಗೆ ಬರೆದು ಜೋಡಿಸಿಡುತ್ತಿದ್ದೇನೆ. ಕಳೆದ ಭಾನುವಾರ ರಾತ್ರಿ ಹನ್ನೊಂದು ಗಂಟೆಗೆ ‘ಎರ್ದೆ’ (‘ಎದೆ’ಯ ಹಳೆಯ ರೂಪ) ಎಂದು ಬರೆದಿದ್ದ ಕಾರ್ಡು ಸಿಕ್ಕಿತು. ಅದನ್ನು ಹುಡುಕಲು ತೊಡಗಿ ಮೂರು ವಾರಗಳಾಗಿದ್ದವು. ಕಾರ್ಡು ಎಲ್ಲಿಯೂ ಕಳೆದುಹೋಗಿರಲಿಲ್ಲ. ನಾನೇ ನನ್ನ ಕೈಯಾರೆ ಇಟ್ಟ ಜಾಗದಲ್ಲಿಯೇ, ಆದರೆ ಇರಬೇಕಾದ ಜಾಗದಿಂದ ಹತ್ತಾರು ಕಾರ್ಡುಗಳಷ್ಟು ಮೊದಲೇ, ಸುಮ್ಮನೆ ನಿಂತಿತ್ತು. ಅದು ಅಲ್ಲಿಗೆ ಹೇಗೆ ಹೋಯಿತು ಎಂಬುದನ್ನು ಬೆನ್ನುಹತ್ತಿದಾಗ ತಿಳಿದ ಸಂಗತಿಯನ್ನು ಈ ಬಾರಿಯ ವರದಿಯಲ್ಲಿ ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಕನ್ನಡದಲ್ಲಿ ಅಕಾರಾದಿಯಾಗಿ ಕಾರ್ಡು ಜೋಡಿಸುವ ಎಲ್ಲರಿಗೂ ಈ ತೊಡಕು ಇಂದಲ್ಲ ನಾಳೆ ಎದುರಾಗುತ್ತದೆ.

ಪೆಟ್ಟಿಗೆಯ ಸ್ಥಿತಿಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಈಗ 1,840 ಕಾರ್ಡುಗಳಿವೆ, ಎಲ್ಲವೂ 5×3 ಅಂಗುಲದವು. ಮುಂಬದಿಯಲ್ಲಿ ಪದ, ಹಿಂಬದಿಯಲ್ಲಿ ಅರ್ಥ ಮತ್ತು ಪದ ಬಂದ ಪದ್ಯದ ಒಂದು ಸಾಲು. ಕಾರ್ಡಿನ ಕಾಯಂ ಮನೆ ಎರಡು ಉದ್ದನೆಯ ಡ್ರಾಯರ್‌ಗಳು, ಅಲ್ಲಿ ಅಕಾರಾದಿ ಕ್ರಮ. ಕಲಿಕೆಗಾಗಿ ದಿನಕ್ಕೆ ಹತ್ತು ಕಾರ್ಡುಗಳು ಅಲ್ಲಿಂದ ಹೊರಟು, ವಿಜ್ಞಾನ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ತಿಳಿಸಿಕೊಟ್ಟ ಐದು ಖಾನೆಗಳ ಪೆಟ್ಟಿಗೆಗೆ ಹೋಗುತ್ತವೆ. ಅರ್ಥ ನೆನಪಾದ ಕಾರ್ಡು ಮುಂದಿನ ಖಾನೆಗೆ, ಮರೆತದ್ದು ಮೊದಲ ಖಾನೆಗೆ. ಐದನೆಯ ಖಾನೆಯನ್ನೂ ದಾಟಿದ ಕಾರ್ಡು ಡ್ರಾಯರ್‌ಗೆ ಮರಳುತ್ತದೆ. ಖಾನೆಗಳ ಅಳತೆ, ಎಷ್ಟು ದಿನಕ್ಕೊಮ್ಮೆ ಮರುಓದು ಎಂಬುದೆಲ್ಲ ಇದನ್ನು ಓದುವವರಿಗೆ ಗೊತ್ತಿರುವ ವಿಷಯವಾದ್ದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ತೊಡಕು ಇರುವುದು ಈ ಮರಳುವ ದಾರಿಯಲ್ಲಿ.

ಆ ತೊಡಕಿಗೆ ಬರುವ ಮುನ್ನ ಕಾರ್ಡು ಕತ್ತರಿಸಿಕೊಟ್ಟ ಅಂಗಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲ ಮುನ್ನೂರು ಪದಗಳನ್ನು ನಾನು ಲಗ್ನಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಬರೆದಿದ್ದೆ. ಅನಂತರ 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಗುವ) ದಪ್ಪದ ಬಿಳಿ ಬೋರ್ಡನ್ನು ಎರಡು ಸಾವಿರ ಕಾರ್ಡುಗಳಾಗಿ ಕತ್ತರಿಸಿಕೊಡಲು ಹೇಳಿ ಮುಂಗಡ ಕೊಟ್ಟೆ. ಬಂದ ಕಟ್ಟುಗಳಲ್ಲಿ ಸುಮಾರು ನಾಲ್ಕುನೂರು ಕಾರ್ಡುಗಳ ಎತ್ತರ ಎರಡು ಮಿಲಿಮೀಟರ್ ಕಡಿಮೆ ಇತ್ತು. ಅಂಗಡಿಯವರು ‘ಎರಡು ಮಿಲಿಮೀಟರ್‌ನಲ್ಲಿ ಏನಾಗುತ್ತದೆ ಸಾರ್, ಬರೆಯುವುದಕ್ಕೆ ಜಾಗ ಇದೆಯಲ್ಲ’ ಎಂದರು. ಬರೆಯುವುದಕ್ಕೆ ಜಾಗವೇನೋ ಇದೆ. ಆದರೆ ಹೆಬ್ಬೆರಳಿನಿಂದ ಕಾರ್ಡುಗಳನ್ನು ಸರಸರನೆ ಹಿಂದಕ್ಕೆ ಬಾಗಿಸುತ್ತ ಹೋಗುವಾಗ ಗಿಡ್ಡ ಕಾರ್ಡಿನ ಅಂಚು ಬೆರಳಿಗೆ ಸಿಗುವುದೇ ಇಲ್ಲ, ಅದು ತನ್ನ ಮುಂದಿನ ಕಾರ್ಡಿನ ಬೆನ್ನಿಗೆ ಅಂಟಿಕೊಂಡು ಜೊತೆಯಲ್ಲಿಯೇ ಬಾಗಿಬಿಡುತ್ತದೆ. ಗ್ರಂಥಾಲಯಗಳ ಸೂಚಿ ಕಾರ್ಡಿಗೆ 12.5×7.5 ಸೆಂಟಿಮೀಟರ್ ಎಂಬ ಒಂದೇ ಅಳತೆಯನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಿದ್ದು ಅಂದಕ್ಕಾಗಿ ಅಲ್ಲ. ಹೀಗಾಗಿ ‘ಎರ್ದೆ’ ಕಾಣದಿದ್ದಾಗ ನನ್ನ ಮೊದಲ ಅನುಮಾನ ಗಿಡ್ಡ ಕಾರ್ಡುಗಳ ಮೇಲೆ ಹೋಯಿತು, ಆ ನಾಲ್ಕುನೂರನ್ನೂ ತೆಗೆದು ಹೊಸದಾಗಿ ಬರೆದು ಮುಗಿಸಲು ಎರಡು ವಾರ ಹಿಡಿಯಿತು. ‘ಎರ್ದೆ’ ಆಗಲೂ ಸಿಗಲಿಲ್ಲ.

ಮೂರನೆಯ ವಾರ ಎರಡೂ ಡ್ರಾಯರ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಕಾರ್ಡು ನೋಡುತ್ತ ಪರಿಶೀಲಿಸಿದೆ. ಜಾಗ ತಪ್ಪಿದ 61 ಕಾರ್ಡುಗಳು ದೊರೆತವು. ಅವುಗಳನ್ನು ಮೇಜಿನ ಮೇಲೆ ಹರಡಿ, ಯಾವುದು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಬರೆದುಕೊಳ್ಳುತ್ತ ಹೋದಂತೆ ತಪ್ಪುಗಳು ತಾವಾಗಿಯೇ ಗುಂಪುಗೂಡಿದವು: 26 ಅರ್ಕಾವತ್ತಿನವು, 19 ಅನುಸ್ವಾರದವು, 11 ಹಳಗನ್ನಡದಲ್ಲಿದ್ದು ಈಗ ಬಳಕೆ ತಪ್ಪಿರುವ ಱ ಮತ್ತು ೞ ಅಕ್ಷರಗಳವು. ಉಳಿದ ಐದು ಮಾತ್ರ ಬರಿಯ ಅಜಾಗರೂಕತೆಯವು.

ಅನುಸ್ವಾರದ ಕಥೆ ಬಹಳ ಜನರಿಗೆ ಗೊತ್ತಿರಬಹುದು. ಶಾಲೆಯಲ್ಲಿ ಕಾಗುಣಿತ ಬಾಯಿಪಾಠ ಮಾಡಿದ ಕೈಗೆ ಕ, ಕಾ, ಕಿ ಎಂದು ಸಾಗಿ ಕೌ ಆದ ಮೇಲೆಯೇ ಕಂ ಬರಬೇಕು. ಆದರೆ ನಾನು ದಿನವೂ ತೆರೆಯುವ ನಿಘಂಟಿನಲ್ಲಿ ಕಂ ಮೊದಲಾದ ಪದಗಳು ಕ ಅಕ್ಷರದ ತಲೆಯಲ್ಲಿಯೇ, ‘ಕಕ್ಕಸ’ಕ್ಕಿಂತ ಮೊದಲೇ ನಿಂತಿರುತ್ತವೆ. ಇದರ ಜೊತೆಗೆ ಕಂಬ ಎಂಬುದನ್ನು ಕಮ್ಬ ಎಂದು ಉಚ್ಚರಿಸುವುದರಿಂದ ಅದನ್ನು ‘ಕಮಲ’ದ ನೆರೆಯಲ್ಲಿ ಇಡುವ ಮೂರನೆಯ ದಾರಿಯೂ ಇದೆ. ನನ್ನ ಡ್ರಾಯರ್‌ನಲ್ಲಿ ಈ ಮೂರೂ ಕ್ರಮಗಳು, ಆಯಾ ದಿನದ ಮನಸ್ಸಿಗೆ ತಕ್ಕಂತೆ, ಒಟ್ಟಿಗೆ ಬಾಳುತ್ತಿದ್ದವು. ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ಅದನ್ನೇ ಪ್ರಮಾಣವಾಗಿ ಇಟ್ಟುಕೊಳ್ಳೋಣವೆಂದು ಎಲ್ಲ ಪದಗಳನ್ನೂ ಟೈಪ್ ಮಾಡಿ, ಅಕ್ಷರಗಳ ಸಂಕೇತ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದೆ. ಅಲ್ಲಿ ಹೊಸ ಜಗಳ ಹುಟ್ಟಿತು: ಆ ಸಂಕೇತ ಸಂಖ್ಯೆಗಳ ಪಟ್ಟಿಯಾದ ಯುನಿಕೋಡ್‌ನಲ್ಲಿ ಳ ಅಕ್ಷರದ ಸ್ಥಾನ ಲ ಮತ್ತು ವ ಅಕ್ಷರಗಳ ನಡುವೆ ಇದೆ, ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ ಕಟ್ಟಕಡೆಯದು, ಱ ಅಕ್ಷರಕ್ಕೆ ರ ಅಕ್ಷರದ ಪಕ್ಕದಲ್ಲಿ ಜಾಗ ಸಿಕ್ಕಿದೆ, ೞ ಮಾತ್ರ ಸ್ವರಚಿಹ್ನೆಗಳನ್ನೆಲ್ಲ ದಾಟಿ ಎಲ್ಲೋ ದೂರದಲ್ಲಿ ಕುಳಿತಿದೆ. ಹೀಗಾಗಿ ಆ ಮುದ್ರಿತ ಪಟ್ಟಿಯನ್ನು ಮಡಚಿಟ್ಟೆ.

ಅರ್ಕಾವತ್ತು ಇದೆಲ್ಲಕ್ಕಿಂತ ಗಟ್ಟಿಯಾದ ಪೆಟ್ಟು ಕೊಟ್ಟಿತು. ಈ ಒಂದು ಚಿಹ್ನೆಯಲ್ಲಿ ಮಾತ್ರ ಬರವಣಿಗೆಯ ಕ್ರಮ ಮತ್ತು ಉಚ್ಚಾರಣೆಯ ಕ್ರಮ ತಿರುಗುಮುರುಗಾಗಿವೆ. ಮೊದಲು ನುಡಿಯುವ ರೇಫವನ್ನು, ಅಂದರೆ ರ್ ಧ್ವನಿಯನ್ನು, ಕೊನೆಯಲ್ಲಿ ಬರೆಯುತ್ತೇವೆ. ‘ಕರ್ಣ’ ಎಂಬ ಕಾರ್ಡಿನ ಮೇಲೆ ಕಣ್ಣಿಗೆ ಮೊದಲು ಬೀಳುವುದು ಕ, ಅನಂತರ ಣ, ಬಳಿಕ ಆ ಸಣ್ಣ ಕೊಂಡಿ. ಅವಸರದಲ್ಲಿದ್ದ ಕೈ ಅದನ್ನು ‘ಕಣ’ದ ಹತ್ತಿರ ಇಟ್ಟಿತ್ತು. ನಮ್ಮ ಬೀದಿಯಲ್ಲಿರುವ ನಿವೃತ್ತ ಗ್ರಂಥಪಾಲಕರೊಬ್ಬರಿಗೆ ಐವತ್ತು ಕಾರ್ಡುಗಳನ್ನು ಕಲಸಿ ಕೊಟ್ಟು ಜೋಡಿಸಲು ಕೇಳಿಕೊಂಡೆ. ಅವರು ತುಟಿಯಲ್ಲಿಯೇ ಪ್ರತಿಯೊಂದು ಪದವನ್ನು ಓದಿಕೊಳ್ಳುತ್ತ ಹತ್ತು ನಿಮಿಷದಲ್ಲಿ ಮುಗಿಸಿದರು. ‘ಮೇಷ್ಟ್ರೇ, ಕಾರ್ಡನ್ನು ನೋಡಿ ಜೋಡಿಸಬಾರದು, ಓದಿ ಜೋಡಿಸಬೇಕು’ ಎಂದರು. ಆ ಐವತ್ತರಲ್ಲಿ ಅವರದೂ ಮೂರು ತಪ್ಪಿದ್ದವು: ಎರ್ದೆ, ಕರ್ಬು, ಮರ್ದು. ಎರ್ದೆಗೆಂದು ನಾನು ಹೊಸದೊಂದು ಕಾರ್ಡು ಬರೆದು ಆ ಗುಂಪಿಗೆ ಸೇರಿಸಿದ್ದೆ. ಅವರು ಅದನ್ನು ಎದೆ ಎಂಬ ಜಾಗದಲ್ಲಿ, ಅಂದರೆ ಎಡ, ಎಣೆ, ಎತ್ತು ಮುಗಿದ ಕೂಡಲೇ ಇಟ್ಟಿದ್ದರು.

ಆ ಮೂರು ಕಾರ್ಡುಗಳನ್ನು ಕೈಯಲ್ಲಿ ಹಿಡಿದು ನೋಡಿದಾಗ ವಿಷಯ ಹೊಳೆಯಿತು. ಹಳಗನ್ನಡದ ಎಷ್ಟೋ ಪದಗಳಲ್ಲಿದ್ದ ರೇಫ ಮುಂದೆ ಕರಗಿಹೋಗಿದೆ: ಎರ್ದೆ ಎದೆಯಾಗಿದೆ, ಕರ್ಬು ಕಬ್ಬಾಗಿದೆ, ಮರ್ದು ಮದ್ದಾಗಿದೆ, ಪೆರ್ಚು ಹೆಚ್ಚಾಗಿದೆ. ಹೀಗಾಗಿ ಇಂಥ ಕಾರ್ಡಿನಲ್ಲಿ ಕಣ್ಣು ಹೇಳುವುದೂ ಎ, ದೆ ಎಂದೇ. ಹುಟ್ಟಿದಂದಿನಿಂದ ಎದೆ ಎಂದು ನುಡಿದ ನಾಲಗೆ ಹೇಳುವುದೂ ಅದನ್ನೇ. ‘ಕರ್ಣ’ದ ವಿಷಯದಲ್ಲಿ ಓದುವ ಬಾಯಿ ನೋಡುವ ಕಣ್ಣನ್ನು ತಿದ್ದುತ್ತದೆ, ಎರ್ದೆಯ ವಿಷಯದಲ್ಲಿ ಇಬ್ಬರೂ ಸೇರಿ ಒಂದೇ ತಪ್ಪು ಮಾಡುತ್ತಾರೆ. ಅಂದು ರಾತ್ರಿ ಡ್ರಾಯರ್ ತೆರೆದು ನೇರವಾಗಿ ಎತ್ತು, ಎದೆಗಳ ನಡುವೆ ಬೆರಳು ಹಾಕಿದೆ. ಮೂರು ವಾರಗಳ ಹಿಂದಿನ ಕಾರ್ಡು ಅಲ್ಲಿಯೇ ಇತ್ತು. ಪರಿಶೀಲನೆಯ ದಿನ ಅದೇ ಜಾಗವನ್ನು ನಾನು ದಾಟಿಹೋಗಿದ್ದೆ, ಅಲ್ಲಿ ಅದು ಸರಿಯಾಗಿಯೇ ಇದೆ ಎಂದು ನನ್ನ ಕಣ್ಣಿಗೂ ತೋರಿತ್ತು. ಅಂದರೆ ಜಾಗ ತಪ್ಪಿದ ಕಾರ್ಡುಗಳು 61 ಅಲ್ಲ, ಇನ್ನೂ ಇವೆ.

ಪರಿಹಾರವಾಗಿ ಮೊದಲು ಯೋಚಿಸಿದ್ದು ಅರ್ಕಾವತ್ತನ್ನೇ ಬಿಟ್ಟು, ರ ಅಕ್ಷರದ ಕೆಳಗೆ ಒತ್ತು ಕೊಟ್ಟು ‘ಎರ‍್ದೆ’ ಎಂದು ಬರೆಯುವುದನ್ನು. ಆಗ ಬರೆಯುವ ಕ್ರಮವೂ ನುಡಿಯುವ ಕ್ರಮವೂ ಒಂದಾಗುತ್ತವೆ. ಆದರೆ ಅನುಸ್ವಾರದ ಜಗಳಕ್ಕೆ ಅದು ಉತ್ತರವಲ್ಲ, ಜೊತೆಗೆ ನಾನು ಓದುವ ಮುದ್ರಿತ ಪದ್ಯಗಳಲ್ಲಿ ಅರ್ಕಾವತ್ತೇ ಇರುವುದರಿಂದ ಕಾರ್ಡಿನಲ್ಲಿ ಕಲಿತ ರೂಪ ಪುಟದಲ್ಲಿ ಕಂಡಾಗ ಗುರುತು ಹತ್ತುವುದು ತಡವಾಗುತ್ತದೆ. ಎರಡನೆಯದು ಅಕಾರಾದಿಯನ್ನೇ ಕೈಬಿಟ್ಟು, ಜರ್ಮನ್ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲುಮಾನ್ ತನ್ನ ಸುಮಾರು 90,000 ಚೀಟಿಗಳಿಗೆ ಮಾಡಿದಂತೆ ಪ್ರತಿ ಕಾರ್ಡಿಗೂ ಬದಲಾಗದ ಸಂಖ್ಯೆ ಕೊಡುವುದು. ಟಿಪ್ಪಣಿಗಳಿಗೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆದರೆ ಪದಗಳ ಪೆಟ್ಟಿಗೆಯಲ್ಲಿ ಹುಡುಕುವವನ ಕೈಯಲ್ಲಿರುವುದು ಪದವೇ ಹೊರತು ಸಂಖ್ಯೆಯಲ್ಲ, ಆದ್ದರಿಂದ ಕೊನೆಗೆ ಮತ್ತೊಂದು ಅಕಾರಾದಿ ಸೂಚಿಯನ್ನು ಮಾಡಿ ಅದೇ ಹಳ್ಳಕ್ಕೆ ಬೀಳಬೇಕಾಗುತ್ತದೆ.

ಈಗ ನೆಲೆ ನಿಂತಿರುವುದು ನಾನು ‘ಬಿಡಿರೂಪ’ ಎಂದು ಕರೆಯುವ ಒಂದು ಗೆರೆ. ಕಾರ್ಡಿನ ಎಡ ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ ಪದವನ್ನು ಬಿಡಿಸಿ ಬರೆಯುತ್ತೇನೆ: ಎ–ರ್–ದೆ, ಕ–ರ್–ಬು, ಕ–ಂ–ಬ, ಕ್–ಷ–ಮೆ. ಜೋಡಿಸುವಾಗ ಕಪ್ಪು ಶಾಯಿಯ ಪದವನ್ನು ನೋಡುವುದೇ ಇಲ್ಲ, ಕೆಂಪು ಗೆರೆಯನ್ನು ಎಡದಿಂದ ಬಲಕ್ಕೆ ಹೋಲಿಸುತ್ತ ಹೋಗುತ್ತೇನೆ. ಅನುಸ್ವಾರ ನಿಘಂಟಿನ ಕ್ರಮದಂತೆ ಎಲ್ಲಕ್ಕೂ ಮೊದಲು, ಸ್ವರವಿಲ್ಲದ ವ್ಯಂಜನ ತನ್ನ ಕಾಗುಣಿತವೆಲ್ಲ ಮುಗಿದ ಮೇಲೆ. ಹಾಗಾಗಿ ಎರ್ದೆಯ ಜಾಗ ಎರಡು, ಎರಲ್ ಮೊದಲಾದವೆಲ್ಲ ಮುಗಿದ ಬಳಿಕ. ವರ್ಣಮಾಲೆಯ ಕೊನೆಯಲ್ಲಿ ಬೇರೆ ಅಕ್ಷರಗಳೆಂಬಂತೆ ಕಲಿಸುವ ಕ್ಷ, ಜ್ಞ ಕೂಡ ಇದರಿಂದ ತಂಟೆಯಿಲ್ಲದೆ ಕ ಮತ್ತು ಜ ಅಕ್ಷರಗಳ ಕೆಳಗೆ ಬಂದು ಕುಳಿತವು. ಒಂದು ಬಿಡಿರೂಪ ಬರೆಯಲು ಐದಾರು ಸೆಕೆಂಡು ಸಾಕು. ಹೊಳಪು ಲೇಪನವಿರುವ ಕಾರ್ಡಿನ ಮೇಲೆ ಮಾತ್ರ ಕೆಂಪು ಶಾಯಿ ಬೇಗ ಒಣಗದೆ ಹಿಂದಿನ ಕಾರ್ಡಿಗೆ ಅಂಟುತ್ತದೆ. ಲೇಪನವಿಲ್ಲದ ಬೋರ್ಡನ್ನು ಕೇಳಿ ಪಡೆಯಿರಿ, ಕೊಡುವವರು ಎರಡೂ ಒಂದೇ ಎನ್ನುತ್ತಾರೆ, ಒಂದೇ ಅಲ್ಲ.

ಱ ಮತ್ತು ೞ ಅಕ್ಷರಗಳಿಗೆ ಕ್ರಮವೊಂದೇ ಸಾಲದು, ನಿರ್ಧಾರವೂ ಬೇಕು. ಕೆಲವು ಮುದ್ರಣಗಳು ಈ ಅಕ್ಷರಗಳನ್ನು ಉಳಿಸಿಕೊಂಡಿವೆ, ಕೆಲವು ರ ಮತ್ತು ಳ ಎಂದು ಬದಲಿಸಿವೆ. ಆದ್ದರಿಂದ ಬದುಕು ಎಂಬ ಅರ್ಥದ ಬಾೞ್ ಪದ ನನ್ನಲ್ಲಿ ಎರಡು ಕಾರ್ಡುಗಳಾಗಿತ್ತು, ಅದರಲ್ಲಿ ಒಂದು ಕತ್ತಿ ಎಂಬ ಅರ್ಥದ ಬಾಳ್ ಜೊತೆ ಬೆರೆತುಹೋಗಿತ್ತು. ಅಲೆಯ ತೆರೆಯೂ ಬಾಗಿಲನ್ನು ತೆಱೆಯುವುದೂ ಹಾಗೆಯೇ. ಇಂಥ ಗೊಂದಲ ಇಂದಿನದಲ್ಲ. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣ ಎಂಬ ವ್ಯಾಕರಣ ಗ್ರಂಥದಲ್ಲಿ ರೞ, ಅಂದರೆ ೞ ಅಕ್ಷರ, ಇರುವ ಪದಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ. ಆ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಮುದ್ರಣದಲ್ಲಿ ಏನೇ ಇರಲಿ, ಕೆಂಪು ಗೆರೆಯಲ್ಲಿ ಮೂಲ ಅಕ್ಷರವನ್ನೇ ಬರೆಯುತ್ತಿದ್ದೇನೆ. ರ ಆದ ಕೂಡಲೇ ಱ, ಳ ಆದ ಕೂಡಲೇ ೞ.

ಈ ಕೆಲಸ ಮಾಡುವಾಗಲೇ ಮುಂದಿನ ಪೆಟ್ಟಿಗೆಯ ಯೋಚನೆಯೂ ಬಲಿಯಿತು. ಅಮ್ಮನ ಅಡುಗೆಗಳನ್ನು ಕಾರ್ಡಿಗೆ ಇಳಿಸಬೇಕೆಂಬ ಆಸೆ ಬಹಳ ದಿನಗಳದ್ದು, ಆದರೆ ಹೆಸರಿನ ಅಕಾರಾದಿಯಲ್ಲಿ ಇಟ್ಟರೆ ಮಳೆಗಾಲದಲ್ಲಿ ಮಾಡುವಂಥದ್ದು ಏನಿದೆ ಎಂದು ಹುಡುಕಲಾಗದು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿಯೇ ಗ್ರಂಥಾಲಯ ವಿಜ್ಞಾನದ ಸಂಶೋಧನ ಕೇಂದ್ರವನ್ನು ತೆರೆದ ಎಸ್. ಆರ್. ರಂಗನಾಥನ್ ಅವರು ಪುಸ್ತಕಗಳನ್ನು ವಿಷಯದಂತೆ ವಿಂಗಡಿಸುವ ತಮ್ಮ ಕೋಲನ್ ವರ್ಗೀಕರಣದಲ್ಲಿ ವಿಷಯವೊಂದನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಲ್ಲಿ ಬಿಡಿಸಿ ನೋಡುತ್ತಾರೆ. ಹಲಸಿನ ಹಣ್ಣಿನ ಕಡುಬಿಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದರೆ, ಕಡುಬು, ಹಲಸು ಮತ್ತು ಅಕ್ಕಿ, ಹಬೆ, ಮಲೆನಾಡು, ಮಳೆಗಾಲದ ಮೊದಲು ಎಂದು ಒಂದೇ ಗೆರೆಯಲ್ಲಿ ಬರೆದು ಮುಗಿಯಿತು. ಅದಕ್ಕೆ ಹಳದಿ ಕಾರ್ಡುಗಳನ್ನು ಬೇರೆ ಅಂಗಡಿಯಲ್ಲಿ ಹೇಳಿದ್ದೇನೆ, ಈ ಬಾರಿ ಅಳತೆಯ ತಗಡೊಂದನ್ನು ನಾನೇ ಮಾಡಿಸಿಕೊಟ್ಟಿದ್ದೇನೆ.

ಹಳಗನ್ನಡದ ಪೆಟ್ಟಿಗೆಯಲ್ಲಿ ಈವರೆಗೆ 740 ಕಾರ್ಡುಗಳಿಗೆ ಬಿಡಿರೂಪ ಬರೆದಾಗಿದೆ, ಅ ಅಕ್ಷರದಿಂದ ತ ಅಕ್ಷರದವರೆಗೆ. ಆ ಭಾಗದಲ್ಲಿ ಕಣ್ಣುತಪ್ಪಿ ಉಳಿದಿದ್ದ ಇನ್ನೂ 14 ಕಾರ್ಡುಗಳು ಈ ಸುತ್ತಿನಲ್ಲಿ ಹೊರಬಿದ್ದವು. ಮುಂದಿನ ಭಾನುವಾರ ಪ ಅಕ್ಷರವನ್ನು ತೆರೆಯಬೇಕು. ಪಾಲ್ ಹಾಲಾದ, ಪೂ ಹೂವಾದ ಪದಗಳನ್ನೆಲ್ಲ ಪ ಅಕ್ಷರದಲ್ಲಿಯೇ ಇಟ್ಟು, ಹ ಅಕ್ಷರದಲ್ಲಿ ‘ಪಾಲ್ ನೋಡಿ’ ಎಂಬ ದಾರಿತೋರಿಸುವ ಕಾರ್ಡುಗಳನ್ನು ನಿಲ್ಲಿಸುವುದೆಂದು ಸದ್ಯಕ್ಕೆ ಎಣಿಸಿದ್ದೇನೆ. ಅಂಥವು ಮುನ್ನೂರಕ್ಕೂ ಮೇಲೆ ಆಗುತ್ತವೆ, ಡ್ರಾಯರ್‌ನಲ್ಲಿ ಉಳಿದಿರುವ ಜಾಗ ಒಂಬತ್ತು ಸೆಂಟಿಮೀಟರ್.